ಈಡಿಪಸ್ ಕಣ್ಣು ಚುಚ್ಚಿಕೊಂಡು ಬಂದಾಗ ಜನ ನಕ್ಕರು: ತಪ್ಪು ಯಾರದು?

ಪ್ರಶ್ನೆ: ನಮ್ಮದು ಹವ್ಯಾಸಿ ತಂಡ. ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ ದೊರೆಯ ಕಥೆ, ಪ್ರಾಚೀನ ಗ್ರೀಕ್ ನಾಟಕಕಾರ ಸೋಫೋಕ್ಲಿಸನ ‘ಈಡಿಪಸ್’, ಇದುವರೆಗೆ ಮೂರು ಪ್ರದರ್ಶನ ಕಂಡಿದೆ. ನಾಟಕ ಉದ್ದವಾಗುತ್ತದೆಂದು ಕೊನೆಯಲ್ಲಿ ಬರುವ ದೂತನ ಮಾತನ್ನು ತೆಗೆದೆವು. ಕಣ್ಣು ಚುಚ್ಚಿಕೊಳ್ಳುವುದನ್ನು ಬಿಳಿ ಪರದೆಯ ಹಿಂದೆ, ಕೆಂಪು ಲೈಟಿನಲ್ಲಿ, ನೆರಳಾಗಿ ತೋರಿಸಿದೆವು. ಊರಿನ ಸಭಾಂಗಣದಲ್ಲಿ ಈಡಿಪಸ್ ರಕ್ತ ಸುರಿಸಿಕೊಂಡು ಬಾಗಿಲಿಗೆ ಬಂದ ಕೂಡಲೇ ನಗು ಕೇಳಿಸಿತು. ಕಾಲೇಜಿನಲ್ಲಿ ಅದಕ್ಕೂ ಮೊದಲೇ, ತಾಯಿಯನ್ನು ಕೂಡಿದ ಹಾಗೆ ಕನಸು ಕಂಡವರು ಎಷ್ಟೋ ಜನ ಎಂದು, ಅವನ ತಾಯಿಯೂ ಹೆಂಡತಿಯೂ ಆದ ಜೊಕಾಸ್ಟ ಹೇಳುವಾಗ ಶಿಳ್ಳೆ ಬಿತ್ತು. ಹಳ್ಳಿಯ ಶಾಲೆಯ ಬಯಲಿನಲ್ಲಿ ನಗುವೂ ಇಲ್ಲ, ಚಪ್ಪಾಳೆಯೂ ಇಲ್ಲ, ಸುಮ್ಮನೆ ಎದ್ದು ಹೋದರು. ನಾಲ್ಕನೆಯದಕ್ಕೆ ಮೂರು ವಾರ ಇದೆ. ನಮ್ಮ ಜನಕ್ಕೆ ದುರಂತ ನಾಟಕ ನೋಡುವ ಅಭ್ಯಾಸವಿಲ್ಲವೋ, ನಾವೇ ಕೆಡಿಸಿದೆವೋ?

ಉತ್ತರ: ಕೆಡಿಸಿದ್ದು ನೀವೇ. ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿ ಅಲ್ಲ. ಬಾಗಿಲಿನ ಬಳಿ ನಗು ಬಂತೆಂದು ಬಾಗಿಲಿನ ಬಳಿಯೇ ರಿಪೇರಿಗೆ ಕೂರಬೇಡಿ. ದುರಂತ ನಾಟಕದಲ್ಲಿ ನಗು ಎಲ್ಲಿ ಸಿಡಿಯುತ್ತದೋ ಅದಕ್ಕೆ ಎರಡು ಮೂರು ನಿಮಿಷ ಹಿಂದೆ ಏನೋ ಕೈತಪ್ಪಿರುತ್ತದೆ. ನಿಮ್ಮಲ್ಲಿ ಕೈತಪ್ಪಿದ್ದು ಏನೆಂದು ನಿಮ್ಮ ಪ್ರಶ್ನೆಯಲ್ಲೇ ಇದೆ: ದೂತನ ಮಾತು.

ಆ ಮಾತು ಮೂಲದಲ್ಲಿ ಸುಮಾರು ಎಪ್ಪತ್ತು ಸಾಲು. ಸುಮಾರು 1530 ಸಾಲಿನ ನಾಟಕದಲ್ಲಿ ಅದು ಸಣ್ಣ ಪಾಲೇ. ಕನ್ನಡ ಗದ್ಯದಲ್ಲಿ ಹೇಳಿದರೆ ಐದಾರು ನಿಮಿಷ ಹಿಡಿಯುತ್ತದೆ. ಅದರೊಳಗಿನ ಜೋಡಣೆಯನ್ನು ಒಮ್ಮೆ ಗಮನಿಸಿ. ಜೊಕಾಸ್ಟ ಕೂದಲು ಕಿತ್ತುಕೊಳ್ಳುತ್ತ ಮಲಗುವ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡಳು, ಸತ್ತ ಗಂಡ, ಈಡಿಪಸನ ತಂದೆ, ಲೇಯಸನ ಹೆಸರು ಹಿಡಿದು ಅತ್ತಳು. ಮುಂದೆ ಅವಳಿಗೆ ಏನಾಯಿತೆಂದು ದೂತನೂ ನೋಡಲಿಲ್ಲ, ಏಕೆಂದರೆ ಅಷ್ಟರಲ್ಲಿ ಈಡಿಪಸ್ ಕೂಗಾಡುತ್ತ ನುಗ್ಗಿದ. ಕತ್ತಿ ಕೊಡಿ ಎಂದ, ಬಾಗಿಲು ಒದ್ದು ಒಳಹೊಕ್ಕ. ನೋಡಿದರೆ ಅವಳು ನೇಣಿನಲ್ಲಿ. ಕುಣಿಕೆ ಸಡಿಲಿಸಿ ಕೆಳಗಿಳಿಸಿ ನೆಲದ ಮೇಲೆ ಮಲಗಿಸಿದ. ಅವಳ ಉಡುಪಿಗೆ ಸಿಕ್ಕಿಸಿದ್ದ ಚಿನ್ನದ ಪಿನ್ನುಗಳನ್ನು ಕಿತ್ತು ಕಣ್ಣಿಗೆ ಚುಚ್ಚಿಕೊಂಡ. ಒಂದು ಸಲವಲ್ಲ, ಮತ್ತೆ ಮತ್ತೆ. ಕೊನೆಗೆ ದೂತ ಹೇಳುತ್ತಾನೆ: ಅಗೋ, ಅಗುಳಿ ತೆಗೆಯುತ್ತಿದ್ದಾರೆ, ನೀವೇ ನೋಡುತ್ತೀರಿ, ಅವನನ್ನು ದ್ವೇಷಿಸುವವನಿಗೂ ಮರುಕ ಹುಟ್ಟುವಂಥ ನೋಟ ಅದು.

ಇಷ್ಟು ಕೇಳಿದವನ ತಲೆಯೊಳಗೆ ಬಾಗಿಲು ತೆರೆಯುವ ಮೊದಲೇ ಈಡಿಪಸ್ ಬಂದು ನಿಂತಿರುತ್ತಾನೆ. ಕಣ್ಣಿಗೆ ಕಾಣುವುದಕ್ಕೂ ಮುಂಚೆ ಕಿವಿ ಎಲ್ಲವನ್ನೂ ಕಂಡಿರುತ್ತದೆ. ನಿಜವಾದ ನಟ ಹೊರಗೆ ಬಂದಾಗ ಅವನು ಆ ಒಳಗಿನ ಚಿತ್ರಕ್ಕೆ ಸಾಕ್ಷಿ ಹೇಳಿದರೆ ಸಾಕು, ಬೇರೆ ಏನನ್ನೂ ಸಾಧಿಸಬೇಕಿಲ್ಲ. ಕಥೆಯನ್ನು ಕಿವಿಯಲ್ಲಿ ಕೇಳಿದರೇ ಮೈ ನಡುಗಬೇಕು, ನೋಟದಿಂದ ಮಾತ್ರ ಭಯ ಹುಟ್ಟಿಸುವುದು ಕವಿಯ ಕೆಲಸವಲ್ಲ ಎಂದು ಅರಿಸ್ಟಾಟಲ್ ಕಾವ್ಯಮೀಮಾಂಸೆಯಲ್ಲಿ ಹೇಳುವಾಗ ಉದಾಹರಣೆಗೆ ತೆಗೆದುಕೊಂಡದ್ದು ಇದೇ ಕಥೆಯನ್ನು.

ನೀವು ಕಿವಿಯ ಕೆಲಸವನ್ನು ಪರದೆಗೆ ವಹಿಸಿದಿರಿ. ಹಿಂದಿನಿಂದ ಲೈಟು ಬಿಟ್ಟಾಗ ನೆರಳು ದೊಡ್ಡದಾಗುತ್ತದೆ. ನಟ ಲೈಟಿನ ಕಡೆಗೆ ಒಂದು ಹೆಜ್ಜೆ ಸರಿದರೆ ಕೈ ಬಾಳೆಮರದಷ್ಟಾಗುತ್ತದೆ, ಪಿನ್ನು ಸೌಟಿನಂತೆ ಕಾಣುತ್ತದೆ. ಮುಖವಿಲ್ಲದ ನೆರಳಿಗೆ ನೋವು ಇರುವುದಿಲ್ಲ, ಚಲನೆ ಮಾತ್ರ ಇರುತ್ತದೆ. ಮುಖವಿಲ್ಲದ ಬರಿಯ ಚಲನೆ ನಗೆಯ ಹತ್ತಿರದ ನೆಂಟ. ಅಲ್ಲಿಗೆ ಪ್ರೇಕ್ಷಕ ಅರ್ಧ ನಗುವಿಗೆ ಸಿದ್ಧನಾಗಿ ಕೂತ. ನಂತರ ಬಾಗಿಲಿಗೆ ಬಂದವನು ರಕ್ತ ಸುರಿಸಿಕೊಂಡು ಬಂದದ್ದು ಉಳಿದರ್ಧವನ್ನು ಪೂರೈಸಿತು.

ಆದ್ದರಿಂದ ಮೊದಲ ಕೆಲಸ, ಪರದೆ ತೆಗೆಯಿರಿ, ದೂತನನ್ನು ವಾಪಸ್ ಕರೆಯಿರಿ. ಪೂರ್ತಿ ಮಾತು ಕಷ್ಟವಾದರೆ ಮೂರು ನಿಮಿಷಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ. ಕತ್ತರಿಸುವಾಗ ಲೇಯಸನ ಹೆಸರು ಹಿಡಿದು ಅತ್ತದ್ದು, ಕುಣಿಕೆ ಸಡಿಲಿಸಿ ಮಲಗಿಸಿದ್ದು, ಪಿನ್ನು ಕಿತ್ತದ್ದು, ಕೊನೆಯ ಎಚ್ಚರಿಕೆ, ಈ ನಾಲ್ಕು ಉಳಿಯಲಿ. ಕುಣಿಕೆ ಸಡಿಲಿಸುವುದನ್ನು ಬಹಳ ತಂಡಗಳು ಕತ್ತರಿಸುತ್ತವೆ. ಅದು ಹೋದರೆ ಈಡಿಪಸ್ ರೊಚ್ಚಿಗೆದ್ದವನು ಮಾತ್ರ ಆಗುತ್ತಾನೆ. ಅವಳನ್ನು ಮೆಲ್ಲಗೆ ಇಳಿಸಿ ಮಲಗಿಸಿದ ಕೈಯೇ ಪಿನ್ನು ಕಿತ್ತಿತು ಎನ್ನುವಲ್ಲಿ ಜನರ ಉಸಿರು ಹಿಡಿಯುತ್ತದೆ.

ಈ ಪಾತ್ರವನ್ನು ತಂಡದ ಹೊಸ ಹುಡುಗನಿಗೆ ಕೊಡುವ ರೂಢಿ ಇದೆ, ಒಂದೇ ಸೀನು ಎಂದು. ಬೇಡ. ತಂಡದಲ್ಲಿ ಎರಡನೆಯ ಒಳ್ಳೆಯ ದನಿ ಯಾರದೋ ಅವರಿಗೆ ಕೊಡಿ. ಅಭಿನಯಿಸಿ ತೋರಿಸಬಾರದು, ಅತ್ತುಕೊಂಡು ಹೇಳಬಾರದು. ದೂತ ಅತ್ತರೆ ಪ್ರೇಕ್ಷಕನ ಪಾಲಿನ ಅಳು ಖರ್ಚಾಗಿ ಹೋಗುತ್ತದೆ. ಅಪಘಾತ ನೋಡಿ ಬಂದವನು ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಡುವ ಹಾಗೆ, ಮೊದಲು ಇದು, ಆಮೇಲೆ ಇದು ಎಂದು, ಕೈ ಕಟ್ಟಿಕೊಂಡು ಹೇಳಲಿ. ಹಿನ್ನೆಲೆ ಸಂಗೀತ ಪೂರ್ತಿ ನಿಲ್ಲಲಿ. ಕೀಬೋರ್ಡಿನವರಿಗೆ ಈ ಐದು ನಿಮಿಷ ಗ್ರೀನ್ ರೂಮಿನಲ್ಲಿ ಚಹಾ ಕೊಡಿ.

ಈಗ ಬಾಗಿಲಿಗೆ ಬರೋಣ. ಅಲ್ಲೂ ನಿಮ್ಮದು ಮೂರು ನಾಲ್ಕು ತಪ್ಪು ಇರಲೇಬೇಕು, ಸಾಮಾನ್ಯವಾಗಿ ಎಲ್ಲರೂ ಮಾಡುವಂಥವು.

ರಕ್ತ. ಹೆಚ್ಚು ರಕ್ತ ಹೆಚ್ಚು ಭಯ ಎಂಬ ಲೆಕ್ಕ ತಪ್ಪು. ಕನ್ನಡ ಕಣ್ಣಿಗೆ ಮುಖದ ತುಂಬ ತೆಳು ಕೆಂಪು ಎಂದರೆ ಮೊದಲು ನೆನಪಾಗುವುದು ಓಕುಳಿ, ಇಲ್ಲವೇ ಕುಂಕುಮದ ನೀರು. ರಕ್ತ ಗಾಢವಾಗಿರಬೇಕು, ಕಂದಿನತ್ತ ವಾಲಬೇಕು, ನಿಧಾನ ಇಳಿಯಬೇಕು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್ 100 ಮಿಲಿ, ತಿನ್ನುವ ಕೆಂಪು ಬಣ್ಣ ಅರ್ಧ ಚಮಚ, ಕೋಕೋ ಪುಡಿ ಅರ್ಧ ಚಮಚ, ನೀಲಿ ಬಣ್ಣ ಒಂದೇ ತೊಟ್ಟು. ತೀರ ಗಟ್ಟಿಯಾದರೆ ಒಂದೆರಡು ಚಮಚ ನೀರು. ಒಂದು ಪ್ರದರ್ಶನಕ್ಕೆ ಇದರಲ್ಲಿ ಇಪ್ಪತ್ತು ಮಿಲಿ ಸಾಕು. ಉಳಿದದ್ದನ್ನು ಮುಚ್ಚಿಡದಿದ್ದರೆ ಗ್ರೀನ್ ರೂಮಿಗೆ ಇರುವೆ ಬರುತ್ತವೆ. ಇದನ್ನು ರೆಪ್ಪೆಯ ಮೇಲೆ ಹಚ್ಚಬೇಡಿ, ಬೆವರಿನ ಜೊತೆ ಕಣ್ಣೊಳಗೆ ಇಳಿಯುತ್ತದೆ. ರೆಪ್ಪೆಗೆ ಮೆರೂನ್ ಮತ್ತು ಕಪ್ಪು ಕೇಕ್ ಮೇಕಪ್ ಹಚ್ಚಿ, ಪಾಕದ ರಕ್ತ ಕೆಳರೆಪ್ಪೆಯಿಂದ ಒಂದು ಬೆರಳು ಕೆಳಗೆ ಶುರುವಾಗಲಿ, ಕೆನ್ನೆಗೆ ಎರಡೆರಡು ಗೆರೆ. ಬಟ್ಟೆಯ ಮೇಲೆ ಎದೆಯ ಭಾಗದಲ್ಲಿ ಹಳೆಯ ಕಲೆಯಂತೆ ಒಂದಿಷ್ಟು. ಈ ಹೊತ್ತಿನಲ್ಲಿ ಕೆಂಪು ಲೈಟು ಬೇಡ, ಕೆಂಪಿನಲ್ಲಿ ರಕ್ತ ಮಾಯವಾಗಿ ಮುಖ ಬೋಳಾಗಿ ಕಾಣುತ್ತದೆ. ನೀಲಿಯಲ್ಲಿ ಕಪ್ಪಾಗುತ್ತದೆ, ಜನ ಮಸಿ ಎಂದುಕೊಳ್ಳುತ್ತಾರೆ. ಹಳದಿ ಛಾಯೆಯ ಬಿಳಿ ಬೆಳಕು, ಒಂದು ಪಕ್ಕದಿಂದ.

ರಕ್ತವೇ ಬೇಡ ಎಂದರೆ ಅದಕ್ಕೂ ದಾರಿ ಇದೆ. 1955ರಲ್ಲಿ ಇಂಗ್ಲಿಷ್ ನಿರ್ದೇಶಕ ಪೀಟರ್ ಬ್ರೂಕ್ ಶೇಕ್ಸ್‌ಪಿಯರನ ‘ಟೈಟಸ್ ಆಂಡ್ರೋನಿಕಸ್’ ಮಾಡಿಸಿದಾಗ, ಕೈ ಮತ್ತು ನಾಲಗೆ ಕತ್ತರಿಸಲ್ಪಟ್ಟ ಲವೀನಿಯಾ ಪಾತ್ರಕ್ಕೆ ರಕ್ತದ ಬದಲು ಕೆಂಪು ರಿಬ್ಬನ್ನುಗಳನ್ನು ಇಳಿಬಿಟ್ಟರು. ವಿವಿಯನ್ ಲೀ ಆ ಪಾತ್ರದಲ್ಲಿದ್ದರು. ರಿಬ್ಬನ್ನು ಎಂದು ಗೊತ್ತಿದ್ದೂ ನೋಡಿದವರಿಗೆ ತಲೆ ತಿರುಗಿತು. ನಮ್ಮಲ್ಲಿ ಕಣ್ಣಿಗೆ ಕಟ್ಟಿದ ಒಂದು ಕಪ್ಪು ಪಟ್ಟಿಯಿಂದಲೇ ಈ ಸೀನನ್ನು ದಾಟಿಸಬಹುದು, ದೂತ ತನ್ನ ಕೆಲಸ ಮಾಡಿದ್ದರೆ.

ಕೂಗು. ‘ಅಯ್ಯೋ’ ಎಂಬುದು ಕನ್ನಡದಲ್ಲಿ ಬಲು ಅಪಾಯದ ಪದ. ಒಂದು ಸಲ ಅಂದರೆ ನೋವು, ಎರಡು ಸಲ ಅಂದರೆ ಗೊಣಗಾಟ, ಮೂರನೆಯ ಸಲಕ್ಕೆ ಸಿನಿಮಾದ ಹಾಸ್ಯನಟ ನೆನಪಾಗುತ್ತಾನೆ. ಗ್ರೀಕ್ ಮೂಲದಲ್ಲಿ ನೋವಿನ ಉದ್ಗಾರಗಳು ಸಾಲು ಸಾಲಾಗಿ ಇವೆ, ಅನುವಾದಕರು ಎಲ್ಲದಕ್ಕೂ ‘ಅಯ್ಯೋ’ ಹಾಕಿಬಿಡುತ್ತಾರೆ. ಒಂದನ್ನು ಮಾತ್ರ ಇಟ್ಟುಕೊಳ್ಳಿ. ಉಳಿದ ಕಡೆ ನಟ ಉಸಿರು ಬಿಡಲಿ ಸಾಕು. ಒಳಗಿನಿಂದ ಕೂಗುವಾಗ ವಿಂಗಿನ (ವೇದಿಕೆಯ ಪಕ್ಕದ ಮರೆಯ) ಮೈಕಿಗೆ ಬಾಯಿಟ್ಟು ಕೂಗಬಾರದು. ಮೈಕು ‘ಕುಂಯ್’ ಅಂದರೆ ಆ ರಾತ್ರಿ ಮುಗಿದ ಹಾಗೆಯೇ. ಮೈಕಿಗೆ ಬೆನ್ನು ಹಾಕಿ, ಗೋಡೆಯ ಕಡೆ ತಿರುಗಿ, ಹೊಟ್ಟೆಯಿಂದ ಒಮ್ಮೆ. ನಂತರ ನಾಲ್ಕು ಎಣಿಸುವಷ್ಟು ಮೌನ.

ನಡಿಗೆ. ಕುರುಡನ ಪಾತ್ರ ತಡವರಿಸಿದರೆ ಮರುಕ, ನಟ ತಡವರಿಸಿದರೆ ನಗು. ಎರಡರ ವ್ಯತ್ಯಾಸ ಕೊನೆಯ ಸಾಲಿನವನಿಗೂ ಕ್ಷಣದಲ್ಲಿ ತಿಳಿಯುತ್ತದೆ. ಕಣ್ಣು ಮುಚ್ಚಿದ ನಟ ನಿಜವಾಗಿಯೂ ಹೆದರಿಕೊಂಡು ಕಾಲಿನಿಂದ ಮೆಟ್ಟಿಲು ಹುಡುಕುತ್ತಿದ್ದರೆ ಜನ ಈಡಿಪಸನನ್ನು ಬಿಟ್ಟು ಆ ನಟನನ್ನೇ ನೋಡಲು ಶುರುಮಾಡುತ್ತಾರೆ, ‘ಬಿದ್ದ ಬಿದ್ದ’ ಎಂದು. ಬಾಗಿಲಿನಿಂದ ಮುಂಭಾಗದವರೆಗೆ ನೆಲದ ಚಾಪೆಯಡಿ ಒಂದು ಹುರಿಹಗ್ಗ ಹಾಯಿಸಿ ಎರಡೂ ತುದಿ ಟೇಪಿನಿಂದ ಬಿಗಿಯಿರಿ. ಬರಿಗಾಲಿಗೆ ಅದು ಸಿಗುತ್ತದೆ. ಹೆಜ್ಜೆ ಎಣಿಸಿ, ಬಾಗಿಲಿನಿಂದ ಏಳು, ಬಲಕ್ಕೆ ತಿರುಗಿ ಮೂರು ಎಂದು ನಿಗದಿಮಾಡಿ, ಹತ್ತು ದಿನ ಕಣ್ಣು ಕಟ್ಟಿ ರಿಹರ್ಸಲ್ ಮಾಡಿಸಿ. ದಾರಿ ಪೂರ್ತಿ ಗೊತ್ತಿರುವ ನಟನೇ ದಾರಿ ಗೊತ್ತಿಲ್ಲದವನಾಗಿ ಆಡಬಲ್ಲ.

ಮೇಳ, ಅಂದರೆ ಊರವರಾಗಿ ವೇದಿಕೆಯ ಮೇಲೆ ನಿಲ್ಲುವ ಕೋರಸ್. ಇದು ದೊಡ್ಡದು. ವೇದಿಕೆಯ ಮೇಲಿನ ಮೇಳ ಹೇಗೆ ನೋಡುತ್ತದೋ ಕೆಳಗಿನವರು ಹಾಗೆ ನೋಡುತ್ತಾರೆ. ಹೊಸ ತಂಡಗಳಲ್ಲಿ ಈಡಿಪಸ್ ಬಂದ ಕೂಡಲೇ ಎಂಟೂ ಜನ ಒಟ್ಟಿಗೆ ‘ಹಾ’ ಎಂದು ಎದೆಗೆ ಕೈ ಇಡುತ್ತಾರೆ, ಡ್ರಿಲ್ ಮಾಡಿಸಿದ ಹಾಗೆ. ಮೂಲದಲ್ಲಿ ಮೇಳದವರು ಹೇಳುವುದೇ ಬೇರೆ: ನಿನ್ನನ್ನು ಕೇಳಬೇಕೆಂದಿದ್ದೇನೆ, ತಿಳಿಯಬೇಕೆಂದಿದ್ದೇನೆ, ಆದರೆ ನಿನ್ನ ಕಡೆ ನೋಡಲಾರೆ. ಅದನ್ನೇ ಮಾಡಿಸಿ. ಒಬ್ಬ ನೋಡಿ ಮುಖ ತಿರುಗಿಸಲಿ. ಎರಡು ಕ್ಷಣ ಬಿಟ್ಟು ಇನ್ನೊಬ್ಬ ಒಂದು ಹೆಜ್ಜೆ ಹಿಂದೆ ಸರಿಯಲಿ. ಒಬ್ಬ ವಯಸ್ಸಾದವನು ಮಾತ್ರ ನೋಡುತ್ತಲೇ ಇರಲಿ. ಆಗ ಪ್ರೇಕ್ಷಕನಿಗೆ, ನೋಡಲಾಗದೆ ಕಣ್ಣು ತಗ್ಗಿಸುವುದಕ್ಕೂ ಕಣ್ಣು ಕೀಳದೆ ನೋಡುವುದಕ್ಕೂ ಅನುಮತಿ ಸಿಕ್ಕಿದ ಹಾಗೆ. ನಗು ಬಹುಪಾಲು ಬರುವುದು ಎಲ್ಲಿ ನೋಡಬೇಕು, ಏನು ಮಾಡಬೇಕು ಎಂದು ತಿಳಿಯದೆ.

ಅಂದಹಾಗೆ ಎಲ್ಲ ನಗುವೂ ಒಂದೇ ಅಲ್ಲ. ತಾಳಲಾರದೆ ಬರುವ ನಗು ಚದುರಿದಂತೆ ಒಂದೆರಡು ಕಡೆ ಹುಟ್ಟಿ, ಎರಡು ಸೆಕೆಂಡಿನಲ್ಲಿ ತಾನೇ ನಾಚಿ ಕತ್ತರಿಸಿ ಹೋಗುತ್ತದೆ, ಹಿಂದೆಯೇ ಒಂದಿಷ್ಟು ಕೆಮ್ಮು. ಅದು ನಿಮ್ಮ ನಾಟಕ ತಾಗಿದೆ ಎಂಬುದರ ಗುರುತು, ಅದಕ್ಕೆ ಔಷಧ ಬೇಡ. ಗೇಲಿಯ ನಗು ಗುಂಪಾಗಿ, ಹೆಚ್ಚಾಗಿ ಹಿಂದಿನಿಂದ, ಒಂದು ಮಾತು ಕೇಳಿಸಿದ ಮೇಲೆ ಏಳುತ್ತದೆ, ಮುಂದಿನ ಡೈಲಾಗಿಗೂ ಮುಂದುವರಿಯುತ್ತದೆ. ಮೂರನೆಯದು ಪರಿಚಯದ ನಗು: ದೊರೆಯಾಗಿ ನಿಂತವನು ಬ್ಯಾಂಕಿನ ಕೌಂಟರಿನಲ್ಲಿ ದಿನಾ ಕಾಣುವವನೇ. ಊರಿನ ತಂಡಕ್ಕೆ ಇದು ತಪ್ಪಿದ್ದಲ್ಲ, ಆದರೆ ಮೊದಲ ಹತ್ತು ನಿಮಿಷದಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಆ ನಟ ಪಾತ್ರಕ್ಕೆ ಇಳಿದಿಲ್ಲ. ಹತ್ತಿಯ ಗಡ್ಡ ಕಿತ್ತು ಬಂದದ್ದಕ್ಕೆ ಬರುವ ನಗುವಿಗೆ ವಿವರಣೆ ಬೇಡ, ಒಳ್ಳೆಯ ಅಂಟು ಬೇಕು.

ನಿಮ್ಮ ಬಳಿ ಬಂದದ್ದು ಇವುಗಳಲ್ಲಿ ಯಾವುದು ಎಂದು ನೆನಪಿನಿಂದ ಹೇಳಲಾಗದು. ವಿಂಗಿನಲ್ಲಿ ನಿಂತ ನಿರ್ದೇಶಕನಿಗೆ ಒಂದು ನಗು ಹತ್ತಾಗಿ ಕೇಳುತ್ತದೆ. ನಾಲ್ಕನೇ ಪ್ರದರ್ಶನಕ್ಕೆ ಇಬ್ಬರನ್ನು ಕೇಳುವ ಕೆಲಸಕ್ಕೇ ಕೂರಿಸಿ, ಒಬ್ಬರು ನಾಲ್ಕನೇ ಸಾಲಿನಲ್ಲಿ, ಒಬ್ಬರು ಕಡೆಯ ಸಾಲಿನಲ್ಲಿ. ಇಬ್ಬರ ಕೈಯಲ್ಲೂ ಅಗಲ ಅಂಚಿನ ನಾಟಕದ ಪ್ರತಿ ಇರಲಿ. ನಗುವಿಗೆ ‘ನ’, ಕೆಮ್ಮಿಗೆ ‘ಕೆ’, ಕುರ್ಚಿ ಕಿರುಗುಟ್ಟಿದ್ದಕ್ಕೆ ‘ಕು’, ಮೊಬೈಲ್ ಬೆಳಕಿಗೆ ‘ಮೊ’, ಗಾಢ ಮೌನಕ್ಕೆ ಒಂದು ಅಡ್ಡಗೆರೆ, ಆಯಾ ಸಾಲಿನ ಪಕ್ಕದಲ್ಲೇ. ಅಭಿಪ್ರಾಯ ಬರೆಯಬಾರದು. ಸಭಾಂಗಣದ ನಡುವೆ ಒಂದು ಮೊಬೈಲಿನಲ್ಲಿ ದನಿ ಮಾತ್ರ ರೆಕಾರ್ಡ್ ಮಾಡಿ. ಮರುದಿನ ಎರಡೂ ಪ್ರತಿ ಎದುರಿಟ್ಟು ನೋಡಿ. ಒಂದೇ ಸಾಲಿನಲ್ಲಿ ಎರಡು ಪ್ರದರ್ಶನದಲ್ಲಿ ‘ನ’ ಬಿದ್ದಿದ್ದರೆ ಅದು ನಿಮ್ಮದು, ಒಂದೇ ಸಲ ಬಿದ್ದಿದ್ದರೆ ಬಿಟ್ಟುಬಿಡಿ. ಅಲ್ಲಿಂದ ಎರಡು ಪುಟ ಹಿಂದಕ್ಕೆ ‘ಕೆ’, ‘ಕು’ ಗುಂಪಾಗಿ ಕಾಣುತ್ತವೆಯೇ ನೋಡಿ. ಕಂಡರೆ ಜನ ಅಲ್ಲಿ ಕೈಬಿಟ್ಟಿದ್ದಾರೆ, ನಗು ಅದರ ಬಿಲ್ಲು ಮಾತ್ರ.

ಇದೇನೂ ಹೊಸ ವಿದ್ಯೆಯಲ್ಲ. ನಟರು ಕೆಟ್ಟದಾಗಿ ಆಡುವಾಗಲೇ ರಂಗಮಂದಿರದಲ್ಲಿ ಜನ ಹೆಚ್ಚು ತಿಂಡಿ ತಿನ್ನುತ್ತಾರೆ ಎಂದು ಅರಿಸ್ಟಾಟಲನೇ ನೀತಿಶಾಸ್ತ್ರದ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಇಂದಿನ ಚಿಪ್ಸ್ ಪೊಟ್ಟಣದ ಸದ್ದಿಗೂ ಅದೇ ಅಳತೆಗೋಲು ಸಲ್ಲುತ್ತದೆ. ಪ್ಲೇಟೋ ಬರೆದ ಸಂವಾದವೊಂದರಲ್ಲಿ ಹೋಮರನ ಕಾವ್ಯ ವಾಚಿಸುವ ಅಯಾನ್ ಎಂಬವನು ಇನ್ನೂ ಬಿಚ್ಚುಮನಸ್ಸಿನಿಂದ ಹೇಳುತ್ತಾನೆ: ವೇದಿಕೆಯಿಂದ ಜನರ ಮುಖ ನೋಡುತ್ತಲೇ ಇರುತ್ತೇನೆ, ಅವರು ಅತ್ತರೆ ದುಡ್ಡು ಬಂತೆಂದು ನಾನು ನಗಬಹುದು, ಅವರು ನಕ್ಕರೆ ದುಡ್ಡು ಹೋಯಿತೆಂದು ನಾನು ಅಳಬೇಕು.

ಕಾಲೇಜಿನ ಶಿಳ್ಳೆಯದು ಬೇರೆ ವಿಷಯ. ಆ ಸಾಲು ಸೋಫೋಕ್ಲಿಸನದೇ, ನೀವು ಸೇರಿಸಿದ್ದಲ್ಲ. ಈಡಿಪಸ್ ಬೆಳೆದ ಕೊರಿಂಥದಿಂದ ಬಂದವನು, ಅವನು ತಂದೆಯೆಂದೇ ತಿಳಿದಿದ್ದ ಪಾಲಿಬಸ್ ತೀರಿಕೊಂಡ ಎಂದು ಹೇಳಿದ ಮೇಲೆ, ತಾಯಿಯ ವಿಷಯದ ಭಯ ಇನ್ನೂ ಇದೆ ಎನ್ನುವ ಈಡಿಪಸನಿಗೆ ಸಮಾಧಾನ ಹೇಳಲು ಜೊಕಾಸ್ಟ ಅದನ್ನು ಹೇಳುತ್ತಾಳೆ. ಹುಡುಗರಿಗೆ ನಾಟಕ ಗೊತ್ತಿಲ್ಲದಿದ್ದರೂ ಮಗನಿಗೆ ತಾಯಿಯ ಮೇಲಿನ ಸೆಳೆತಕ್ಕೆ ಮನೋವಿಶ್ಲೇಷಕ ಫ್ರಾಯ್ಡ್ ಇಟ್ಟ ‘ಈಡಿಪಸ್ ಕಾಂಪ್ಲೆಕ್ಸ್’ ಎಂಬ ಹೆಸರು ಗೊತ್ತಿರುತ್ತದೆ, ಆ ಸಾಲಿಗಾಗಿಯೇ ಕಾದು ಕೂತಿರುತ್ತಾರೆ. ಸಾಲು ಕತ್ತರಿಸಿದರೆ ಸಮಸ್ಯೆ ತೀರುತ್ತದೆ, ನಾಟಕವೂ ಬಡವಾಗುತ್ತದೆ. ಸಾಮಾನ್ಯವಾಗಿ ಕೆಡುವುದು ಹೇಗೆಂದರೆ, ನಟಿ ಆ ಸಾಲಿಗೆ ಮುಂಚೆ ನಿಲ್ಲುತ್ತಾಳೆ, ಮುಜುಗರದಿಂದ. ಆ ನಿಲುಗಡೆಯೊಳಗೆ ಶಿಳ್ಳೆ ನುಗ್ಗುತ್ತದೆ. ಮನೆಯಲ್ಲಿ ಕೆಟ್ಟ ಕನಸು ಕಂಡ ಗಂಡನಿಗೆ ‘ಕನಸಲ್ವೇನ್ರೀ, ಬಿಡಿ’ ಎನ್ನುವ ಹಗುರದಲ್ಲಿ, ಹಿಂದಿನ ವಾಕ್ಯಕ್ಕೆ ಅಂಟಿಸಿ, ಉಸಿರು ತೆಗೆದುಕೊಳ್ಳದೆ ಹೇಳಿ ಮುಂದಿನ ವಾಕ್ಯದ ಕೊನೆಗೆ ನಿಲ್ಲಲಿ. ‘ಕೂಡಿದ’ ಎಂಬ ಕ್ರಿಯಾಪದವನ್ನೂ ಬದಲಿಸಿ, ‘ತಾಯಿಯ ಪಕ್ಕ ಗಂಡನಾಗಿ ಮಲಗಿದ ಹಾಗೆ ಕನಸು’ ಎಂದರೆ ಅರ್ಥವೂ ಉಳಿಯುತ್ತದೆ, ಕಿವಿಗೂ ಚುಚ್ಚುವುದಿಲ್ಲ. ಅಷ್ಟಾದ ಮೇಲೂ ಯಾರೋ ಒಬ್ಬ ಶಿಳ್ಳೆ ಹಾಕಿದರೆ ಹಾಕಲಿ, ಹತ್ತು ನಿಮಿಷದಲ್ಲಿ ಅವಳು ಒಳಗೆ ಹೋಗುವಾಗ ಅವನಿಗೆ ತಾನು ನಕ್ಕದ್ದು ಯಾವುದಕ್ಕೆ ಎಂದು ಗೊತ್ತಾಗುತ್ತದೆ.

ನಿಮ್ಮ ಜನಕ್ಕೆ ಅಭ್ಯಾಸವಿಲ್ಲವೋ ಎಂಬ ಅನುಮಾನದಲ್ಲಿ ಒಂದು ಸತ್ಯದ ಎಳೆ ಇದೆ, ನೀವು ಅಂದುಕೊಂಡ ಅರ್ಥದಲ್ಲಿ ಅಲ್ಲ. ಅಥೆನ್ಸಿನ ಪ್ರೇಕ್ಷಕನಿಗೆ ಕಥೆ ಮೊದಲೇ ಗೊತ್ತಿತ್ತು. ಕೊಲೆಗಾರನಿಗೆ ಶಾಪ ಹಾಕುತ್ತ ಈಡಿಪಸ್ ‘ಲೇಯಸನಿಗಾಗಿ ನನ್ನ ಸ್ವಂತ ತಂದೆ ಎಂಬಂತೆ ಹೋರಾಡುತ್ತೇನೆ’ ಎಂದಾಗ ಅಲ್ಲಿ ಬೆನ್ನಿನಲ್ಲಿ ಚಳಿ ಹುಟ್ಟುತ್ತಿತ್ತು. ಮೊದಲ ಸಲ ನೋಡುವ ನಮ್ಮವನಿಗೆ ಅದು ಬರಿಯ ಮಾತು. ಹರಿಶ್ಚಂದ್ರನ ಕಥೆಯಾಗಿದ್ದರೆ ವಿಶ್ವಾಮಿತ್ರ ಬಂದ ಕೂಡಲೇ ಅಜ್ಜಿಯರು ಸೆರಗು ಕಣ್ಣಿಗೊತ್ತುತ್ತಾರೆ, ಮುಂದೇನೆಂದು ಗೊತ್ತು. ಬಿ.ಎಂ.ಶ್ರೀಯವರು ಸೋಫೋಕ್ಲಿಸನ ಇನ್ನೊಂದು ನಾಟಕ ‘ಅಯಾಸ್’ ಅನ್ನು 1929ರಲ್ಲಿ ‘ಅಶ್ವತ್ಥಾಮನ್’ ಮಾಡಿದಾಗ ಕನ್ನಡದ ಓದುಗನಿಗೆ ಆ ಮುನ್ನರಿವು ಮಹಾಭಾರತದಿಂದ ಸಿಕ್ಕಿತು. ಈಡಿಪಸನಿಗೆ ಹಾಗೆ ಹೊದಿಸಲು ನಮ್ಮ ಪುರಾಣದಲ್ಲಿ ಅಂಗಿ ಇಲ್ಲ. ಆದ್ದರಿಂದ ನಾಟಕಕ್ಕೆ ಮೊದಲು ಒಂದೂವರೆ ನಿಮಿಷದ ಹಾಡೋ ಸೂತ್ರಧಾರನ ಮಾತೋ ಇರಲಿ: ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುವನು ಎಂಬ ಭವಿಷ್ಯ, ಬೆಟ್ಟದಲ್ಲಿ ಬಿಸಾಡಿದ ಕೂಸು, ಅದು ಬದುಕಿತು. ಗುಟ್ಟು ಬಿಟ್ಟುಕೊಟ್ಟೆವೆಂದು ಹೆದರಬೇಡಿ. ಇದು ಪತ್ತೇದಾರಿ ಕಥೆಯಲ್ಲ. ಎಲ್ಲರಿಗೂ ಗೊತ್ತಿದ್ದು ಅವನೊಬ್ಬನಿಗೆ ಗೊತ್ತಿಲ್ಲದಿರುವುದೇ ನಾಟಕ.

ಹೆಸರುಗಳ ಗೋಜಲೂ ಇದೆ. ಲೇಯಸ್, ಪಾಲಿಬಸ್ ಇಬ್ಬರೂ ವೇದಿಕೆಯ ಮೇಲೆ ಬರದ ದೊರೆಗಳು, ಕನ್ನಡ ಕಿವಿಯಲ್ಲಿ ಕಲಸಿಹೋಗುತ್ತಾರೆ. ಮೊದಲ ನಾಲ್ಕೈದು ಸಲ ಸಂಬಂಧ ಕೂಡಿಸಿಯೇ ಹೇಳಿಸಿ: ‘ಸತ್ತ ದೊರೆ ಲೇಯಸ್’, ‘ಕೊರಿಂಥದ ಅಪ್ಪ ಪಾಲಿಬಸ್’. ನಾಟಕ ಮುಗಿದ ಮೇಲೆ ಜನರನ್ನು ‘ಹೇಗಿತ್ತು?’ ಎಂದು ಕೇಳಬೇಡಿ, ‘ಚೆನ್ನಾಗಿತ್ತು’ ಎಂಬ ಒಂದೇ ಉತ್ತರ ಸಿಗುತ್ತದೆ. ‘ಕೊಂದವನು ಅವನೇ ಎಂದು ನಿಮಗೆ ಯಾವಾಗ ಗೊತ್ತಾಯಿತು?’ ಎಂದು ಹತ್ತು ಜನರನ್ನು ಕೇಳಿ. ಕುರುಡ ಕಾಲಜ್ಞಾನಿ ಟೈರೀಸಿಯಸ್ ಬಾಯಿಬಿಟ್ಟಾಗ ಎಂದವರಿಗೆ ನಾಟಕ ಪೂರ್ತಿ ದಕ್ಕಿದೆ. ಲೇಯಸ್ ಸತ್ತ, ಮೂರು ದಾರಿ ಕೂಡುವ ಜಾಗದ ಮಾತು ಬಂದಾಗ ಎಂದರೂ ಸರಿ. ಕೂಸನ್ನು ಬಿಸಾಡಲು ಒಯ್ದಿದ್ದ ಮುದಿ ಕುರುಬ ಕೊನೆಗೆ ಬಂದಾಗ ಎಂದವರು ಹೆಚ್ಚಿದ್ದರೆ ನಿಮ್ಮ ಮೊದಲರ್ಧದಲ್ಲಿ ಮಾತು ಕೇಳಿಸುತ್ತಿಲ್ಲ.

ಇನ್ನು ಹಳ್ಳಿಯಲ್ಲಿ ಚಪ್ಪಾಳೆ ಇಲ್ಲದೆ ಎದ್ದು ಹೋದದ್ದು. ನಿಮ್ಮ ಮೂರು ಪ್ರದರ್ಶನದಲ್ಲಿ ಗೆದ್ದದ್ದು ಬಹುಶಃ ಅದೊಂದೇ. ಭರತನ ನಾಟ್ಯಶಾಸ್ತ್ರದ 27ನೇ ಅಧ್ಯಾಯ ಪೂರ್ತಿ ಇದೇ ವಿಷಯ, ಪ್ರಯೋಗ ಫಲಿಸಿತೆಂದು ತಿಳಿಯುವುದು ಹೇಗೆ ಎಂದು. ಮಾನುಷಿ ಸಿದ್ಧಿಯ (ಮನುಷ್ಯ ಮಟ್ಟದ ಯಶಸ್ಸಿನ) ಗುರುತುಗಳಲ್ಲಿ ಮುಗುಳ್ನಗೆ, ಅರ್ಧ ನಗೆ, ಜೋರು ನಗೆ, ‘ಸಾಧು’, ‘ಅಹೋ’ ಎಂಬ ಮೆಚ್ಚುಗೆ, ಕರುಣದ ಜಾಗದಲ್ಲಿ ‘ಕಷ್ಟಂ’ ಎಂಬ ಉದ್ಗಾರ ಇವೆ. ಮೈ ಪುಳಕಗೊಳ್ಳುವುದು, ಎದ್ದು ನಿಲ್ಲುವುದು, ಬಟ್ಟೆ ಉಂಗುರ ಎಸೆಯುವುದೂ ಉಂಟು. ಇದಕ್ಕೂ ಮೇಲಿನದು ದೈವಿಕಿ ಸಿದ್ಧಿ. ಅದರ ಲಕ್ಷಣ: ಸದ್ದಿಲ್ಲ, ಗಲಿಬಿಲಿಯಿಲ್ಲ, ಉತ್ಪಾತವಿಲ್ಲ, ರಂಗ ತುಂಬಿದೆ. ನಮ್ಮ ಹಳ್ಳಿಗಳಲ್ಲಿ ಯಾರ ಮಾತಿಗೋ ‘ಅಯ್ಯೋ ಪಾಪ’ ಎಂದು ಹೆಂಗಸರ ಕಡೆಯಿಂದ ಮೆಲ್ಲಗೆ ಕೇಳಿಬರುತ್ತದಲ್ಲ, ಅದೇ ‘ಕಷ್ಟಂ’. ಆ ದನಿ ಬಂದಿತ್ತೇ ಎಂದು ನಿಮ್ಮ ಮೇಳದವರನ್ನು ಕೇಳಿ ನೋಡಿ.

ಬೇಸರದ ಮೌನವೂ ಇರುತ್ತದೆ ಎನ್ನುತ್ತೀರಿ. ಗುರುತಿಸುವುದು ಸುಲಭ. ಬೇಸರದ ಮೌನದಲ್ಲಿ ಮೈ ಅಲ್ಲಾಡುತ್ತಿರುತ್ತದೆ, ಅಲ್ಲಲ್ಲಿ ಮೊಬೈಲ್ ಬೆಳಗುತ್ತದೆ, ಮುಗಿದ ಕೂಡಲೇ ಮಾತು ಭರ್ರೆಂದು ಶುರುವಾಗುತ್ತದೆ. ಇನ್ನೊಂದರಲ್ಲಿ ಜನ ಏಳುವುದಕ್ಕೇ ತಡಮಾಡುತ್ತಾರೆ. ಎದ್ದವರು ಮಾತಾಡುವುದು ಗೇಟು ದಾಟಿದ ಮೇಲೆ.

ಪ್ರೇಕ್ಷಕರ ತೀರ್ಪನ್ನು ಪ್ರದರ್ಶನದ ರಾತ್ರಿಯೇ ಅಂತಿಮ ಎಂದುಕೊಳ್ಳುವುದಕ್ಕೂ ಹೋಗಬೇಡಿ. ಈ ನಾಟಕವೇ ಅಥೆನ್ಸಿನ ಸ್ಪರ್ಧೆಯಲ್ಲಿ ಗೆದ್ದಿರಲಿಲ್ಲ. ಆ ಸಲದ ಬಹುಮಾನ ಹಿರಿಯ ನಾಟಕಕಾರ ಈಸ್ಕಿಲಸನ ಸೋದರಳಿಯ ಫಿಲೊಕ್ಲಿಸನ ಪಾಲಾಯಿತು ಎಂದು ಹಳೆಯ ದಾಖಲೆ ಹೇಳುತ್ತದೆ. ಜನ ಅತ್ತರೆ ಗೆಲುವು ಎಂಬುದೂ ಅಷ್ಟು ಸರಳವಲ್ಲ. ಅಥೆನ್ಸಿನ ಮಿತ್ರ ನಗರ ಮಿಲೆಟಸನ್ನು ಪರ್ಷಿಯನ್ನರು ಹಿಡಿದದ್ದನ್ನು ಫ್ರಿನಿಕಸ್ ಎಂಬ ಕವಿ ನಾಟಕ ಮಾಡಿದಾಗ ಇಡೀ ರಂಗಮಂದಿರ ಅತ್ತುಬಿಟ್ಟಿತು. ನಮ್ಮದೇ ದುಃಖ ನೆನಪಿಸಿದೆ ಎಂದು ಅಥೆನ್ಸಿನವರು ಅವನಿಗೆ ಒಂದು ಸಾವಿರ ದ್ರಾಕ್ಮ ದಂಡ ಹಾಕಿದರು, ಮತ್ತೆ ಯಾರೂ ಅದನ್ನು ಆಡಬಾರದೆಂದರು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. 1776ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಶ್ರೋಡರ್ ಎಂಬ ನಟ-ನಿರ್ದೇಶಕ ‘ಒಥೆಲೊ’ ಆಡಿಸಿದಾಗ ಹೆಂಗಸರು ಮೂರ್ಛೆ ಹೋದರು, ಕೊನೆಯನ್ನೇ ಬದಲಿಸಿ ನಾಯಕಿ ಡೆಸ್ಡಿಮೋನಾಳನ್ನು ಬದುಕಿಸಬೇಕಾಯಿತು. ಇಂಗ್ಲೆಂಡಿನಲ್ಲಿ ‘ಕಿಂಗ್ ಲಿಯರ್’ 1681ರಿಂದ ಒಂದೂವರೆ ಶತಮಾನ ಸುಖಾಂತವಾಗಿಯೇ ನಡೆಯಿತು. ನಿಮ್ಮ ಕಾಲೇಜಿನ ಶಿಳ್ಳೆ ಇವುಗಳ ಮುಂದೆ ಸಣ್ಣದು.

ಆಸನದ ವಿಷಯ ಚಿಕ್ಕದು, ಆದರೆ ಪರಿಣಾಮ ದೊಡ್ಡದು. ಆರುನೂರು ಸೀಟಿನ ಸಭಾಂಗಣದಲ್ಲಿ ನೂರು ಜನ ಚದುರಿ ಕೂತರೆ ಅಳುವೂ ಹರಡುವುದಿಲ್ಲ, ಮೌನವೂ ಕಟ್ಟುವುದಿಲ್ಲ. ಹಿಂದಿನ ಸಾಲುಗಳಿಗೆ ಹಗ್ಗ ಕಟ್ಟಿ ಎಲ್ಲರನ್ನೂ ಮುಂದೆ ಕೂರಿಸಿ. ಗಣ್ಯರ ಸೋಫಾ ಸಾಲು ಖಾಲಿ ಬಿದ್ದು ನಟನಿಗೂ ಜನಕ್ಕೂ ನಡುವೆ ಹಳ್ಳವಾಗುತ್ತದೆ, ಮೂರನೇ ಬೆಲ್ಲಿಗೆ ಬರದ ಗಣ್ಯರ ಜಾಗಕ್ಕೆ ಹಿಂದಿನವರನ್ನು ಕರೆದುಬಿಡಿ. ಮಧ್ಯಂತರ ಬೇಡವೇ ಬೇಡ, ಕನ್ನಡದಲ್ಲಿ ಒಂದೂಮುಕ್ಕಾಲು ಗಂಟೆಗೆ ಮುಗಿಯುವ ನಾಟಕ ಇದು. ಕೊಡಲೇಬೇಕೆಂದರೆ ಕೊರಿಂಥದವನು ಬರುವ ಮುಂಚಿನ ಮೇಳಗೀತದ ನಂತರ ಕೊಡಿ. ಜೊಕಾಸ್ಟ ಪೂಜೆಯ ಸಾಮಾನು ಹಿಡಿದು ಬರುವುದರಿಂದ ಮತ್ತೆ ಶುರುವಾಗುತ್ತದೆ, ಚಹಾ ಮುಗಿಸಿ ತಡವಾಗಿ ಬಂದವನಿಗೂ ಎಳೆ ಸಿಗುತ್ತದೆ.

ಕೊನೆಯಲ್ಲಿ ಬರುವ ಈಡಿಪಸನ ಇಬ್ಬರು ಹೆಣ್ಣುಮಕ್ಕಳ ಪಾತ್ರಕ್ಕೆ ಎಂಟು ಹತ್ತು ವರ್ಷದವರನ್ನು ಹಾಕಿದ್ದರೆ, ಅವರ ಬೆನ್ನು ಜನರ ಕಡೆಗಿರಲಿ. ಎದುರಿಗೆ ನಿಂತರೆ ಅಮ್ಮನನ್ನು ಹುಡುಕಿ ನಗುತ್ತಾರೆ. ಅವರಿಗೆ ಮಾತಿಲ್ಲ, ಈಡಿಪಸ್ ಕೈಯಿಂದ ತಡವಿ ತಲೆ ಸಿಕ್ಕುವುದೇ ಆ ಸೀನಿನ ಎಲ್ಲ ಕೆಲಸ.

ಲೈಟು ಆರಿಸುವುದರಲ್ಲೂ ಅವಸರ ಬೇಡ. ಬ್ರೂಕ್ 1962ರಲ್ಲಿ ‘ಲಿಯರ್’ ಮಾಡಿಸಿದಾಗ, ಕಣ್ಣು ಕಳೆದುಕೊಂಡ ಗ್ಲಾಸ್ಟರ್ ತಡವರಿಸುತ್ತ ಹೋಗುವಾಗಲೇ ಸಭಾಂಗಣದ ದೀಪ ಬೆಳಗತೊಡಗುತ್ತಿತ್ತು, ಕುರ್ಚಿಯಲ್ಲಿ ಕೂತವನು ಕತ್ತಲೆಯಲ್ಲಿ ಅಡಗುವ ಹಾಗಿರಲಿಲ್ಲ. ನೀವು ಅಷ್ಟು ದೂರ ಹೋಗದಿದ್ದರೂ ಈಡಿಪಸ್ ಒಳಗೆ ಹೋದ ಮೇಲೆ ಮೇಳದ ಕೊನೆಯ ಮಾತು, ಹತ್ತು ಎಣಿಸುವಷ್ಟು ಖಾಲಿ ಬಾಗಿಲು, ಆಮೇಲೆ ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ನಿಧಾನ ಇಳಿಯುವ ಬೆಳಕು ಇರಲಿ. ವಂದನೆಗೆ ಬಂದಾಗ ಯಾರೂ ಕೈ ಬೀಸಬಾರದು.

ಕಡೆಯದಾಗಿ, ಸಭಾ ಕಾರ್ಯಕ್ರಮ. ಮೌನ ಇನ್ನೂ ಆರಿರುವುದಿಲ್ಲ, ಅಷ್ಟರಲ್ಲಿ ಮೈಕು ‘ಈಗ ಗಣ್ಯರು ವೇದಿಕೆಗೆ ಆಗಮಿಸಬೇಕು’ ಎನ್ನುತ್ತದೆ. ಕೆನ್ನೆಯಲ್ಲಿ ರಕ್ತ ಇರುವ ಈಡಿಪಸ್ ಹಲ್ಲು ಬಿಟ್ಟುಕೊಂಡು ಹಾರಕ್ಕೆ ಕತ್ತು ಬಗ್ಗಿಸುತ್ತಾನೆ. ಎರಡು ಗಂಟೆ ಕಟ್ಟಿದ್ದು ಎರಡು ನಿಮಿಷಕ್ಕೆ ಹೋಯಿತು. ಭಾಷಣ, ಸನ್ಮಾನ, ದಾನಿಗಳ ಹೆಸರು ಎಲ್ಲವನ್ನೂ ನಾಟಕಕ್ಕೆ ಮೊದಲೇ ಮುಗಿಸುವಂತೆ ಸಂಘಟಕರ ಜೊತೆ ಈಗಲೇ ಮಾತಾಡಿ. ಒಪ್ಪದಿದ್ದರೆ, ಶಾಲು ಹೊದಿಸುವುದು ಅವನು ಮುಖ ತೊಳೆದು ಬಂದ ಮೇಲೆ.